ಸೂರ್ಯನಿಗೆ ಕೊಟ್ಟ ಮಾರ್ಕ್ಸು

ಆಷಾಢ ಬಂತೆಂದರೆ ನಮ್ಮ ಆಫೀಸಿನಲ್ಲಿ ನೊಣ ಹೊಡೆಯುವ ಕೆಲಸ. ಬಂಗಾರಪೇಟೆ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ, ಒಂದು ಬೇಕರಿಯ ಮಹಡಿಯ ಮೇಲಿರುವ ಆಫೀಸು ಅದು. ಮನೆ ಕಟ್ಟುವವರಿಗೆ ಪ್ಲಾನ್ ಬರೆದುಕೊಡುವುದು ನನ್ನ ಕಸುಬು. ಇಪ್ಪತ್ತು ವರ್ಷ ದಾಟಿದೆ. ಉಳಿದ ಹನ್ನೊಂದು ತಿಂಗಳು ಜನ ಮೆಟ್ಟಿಲ ಮೇಲೆ ಕಾಯುತ್ತಾರೆ. ಆಷಾಢದಲ್ಲಿ ಒಬ್ಬರೂ ಹತ್ತುವುದಿಲ್ಲ. ಯಾರೂ ಸೈಟು ನೋಡುವುದಿಲ್ಲ, ಪಾಯ ತೋಡುವುದಿಲ್ಲ, ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದಿಲ್ಲ. ಗಾರೆ ಕೆಲಸದವರು ತಂತಮ್ಮ ಊರಿಗೆ ಹೋಗಿಬಿಡುತ್ತಾರೆ. ನಾನೂ ಡ್ರಾಯಿಂಗ್ ಟೇಬಲ್ಲಿಗೆ ಬಟ್ಟೆ ಹೊದಿಸಿ, ನಮ್ಮ ಹಳ್ಳಿಗೆ ಹೋಗಿ ರಾಗಿ ಬಿತ್ತನೆಗೆ ನಿಲ್ಲುತ್ತಿದ್ದೆ. ಹೀಗಾಗಿ ಇಪ್ಪತ್ತು ವರ್ಷದಲ್ಲಿ ನೂರಾರು ಸೈಟುಗಳ ಮೇಲೆ ನಿಂತ ನಾನು, ಆಷಾಢದಲ್ಲಿ ಒಂದೇ ಒಂದು ಸೈಟಿನ ಮೇಲೂ ಕಾಲಿಟ್ಟವನಲ್ಲ. ಇದು ನನಗೆ ಹೊಳೆದದ್ದು ತೀರಾ ತಡವಾಗಿ.

ನನ್ನ ಮಗಳಿಗೆ ನಾಲ್ಕನೇ ವಯಸ್ಸಿನಿಂದ ಉಬ್ಬಸ. ಆಗ ನಾವು ಚಿನ್ನದ ಗಣಿಯ ಊರು ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆಗಿದ್ದೆವು. ನಾನು, ಹೆಂಡತಿ, ಮಗಳು, ಮೂರೇ ಜನ. ಮಾರ್ಕೆಟ್ಟಿನ ಹಿಂದೆ, ಎರಡನೇ ಮಹಡಿ, ತಲೆಯ ಮೇಲೆ ಬರೀ ಸ್ಲ್ಯಾಬು. ಬೇಸಿಗೆಯಲ್ಲಿ ಆ ಸ್ಲ್ಯಾಬು ಕಾದ ಹೆಂಚು. ಒಂದೇ ಕಿಟಕಿ, ಅದನ್ನು ತೆಗೆದರೆ ಪಕ್ಕದ ಮನೆಯ ಗೋಡೆ. ಮಗಳಿಗೆ ಉಸಿರು ಕಟ್ಟಿದಾಗ ಮೂಗಿಗೆ ಮುಚ್ಚಳ ಹಾಕಿ ಆವಿ ಹಿಡಿಸುವ ಮಷೀನು ಒಂದಿತ್ತು. ಅದು ಗುರ್ ಎನ್ನುತ್ತಾ ಓಡುತ್ತಿರುವಾಗಲೇ ಕರೆಂಟು ಹೋಗುತ್ತಿತ್ತು. ಔಷಧಿ ಅರ್ಧ ಉಳಿದಿರುತ್ತಿತ್ತು, ಮಗು ನನ್ನ ಮುಖ ನೋಡುತ್ತಿತ್ತು. ನಾನು ಬೀಸಣಿಗೆಯಲ್ಲಿ ಗಾಳಿ ಹಾಕುತ್ತಾ ಕರೆಂಟಿನವರಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಬೈದರೆ ಮಷೀನು ಓಡುತ್ತದೆಯೇ?

ಊರವರಿಗೆಲ್ಲ ಮನೆ ಬರೆದುಕೊಟ್ಟವನು ನಾನು. ಅವರು ಕೇಳುತ್ತಿದ್ದುದು ಮುಂದುಗಡೆ ಕಮಾನು, ಗಾಜು, ಮೆಟ್ಟಿಲಿಗೆ ಸ್ಟೀಲ್ ಕಂಬಿ. ಗಾಳಿ ಬೆಳಕು ಕೇಳಿದವರು ಬೆರಳೆಣಿಕೆಯಷ್ಟು. ಬೆಂಕಿಪೊಟ್ಟಣದಂಥ ಮನೆಗಳನ್ನು ಬರೆದು ಬರೆದು ಕೈ ನಾಚಿತ್ತು. ನನ್ನ ಮಗಳಿಗೆ ಅಂಥದ್ದು ಬೇಡ ಎಂದು ತೀರ್ಮಾನ ಮಾಡಿದೆ. ಸಣ್ಣದಿರಲಿ, ಅಗ್ಗದ್ದಿರಲಿ, ಆದರೆ ಗಾಳಿ ಆಡುವ ಮನೆ, ಹಗಲು ದೀಪ ಬೇಡದ ಮನೆ, ಕಂಬದ ಕರೆಂಟನ್ನು ನಂಬದ ಮನೆ. ಮಷೀನು ಒಂದು ಗಳಿಗೆಯೂ ನಿಲ್ಲದ ಮನೆ. ಆ ಮನೆಯಲ್ಲಿ ಅವಳ ಉಸಿರು ಸುಧಾರಿಸುತ್ತದೆ ಎಂದು ನಾನು ಹೆಂಡತಿಗೆ ಮಾತು ಕೊಟ್ಟೆ. ಡಾಕ್ಟರು ಕೊಡದ ಮಾತನ್ನು ಪ್ಲಾನ್ ಬರೆಯುವವನು ಕೊಟ್ಟ.

ಸೈಟು ಸಿಕ್ಕಿದ್ದು ಆಂಡರ್ಸನ್‌ಪೇಟೆ ದಾಟಿ, ಸೈನೈಡ್ ದಿಬ್ಬದ ಪೂರ್ವಕ್ಕೆ. ಚಿನ್ನ ತೆಗೆದುಕೊಂಡು ಉಳಿದ ಕಲ್ಲುಪುಡಿಯನ್ನು ವರ್ಷಾನುಗಟ್ಟಲೆ ಸುರಿದು ಸುರಿದು ಆದ ದಿಬ್ಬ ಅದು. ನಮ್ಮ ಊರಿನಲ್ಲಿ ಅಂಥವು ಹಲವು ಇವೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ನಾನು ಮೊದಲು ಹೋದದ್ದು ಕಾರ್ತಿಕದಲ್ಲಿ. ಮಳೆ ಮುಗಿದು ದಿಬ್ಬದ ಮೈಮೇಲೆ ಹುಲ್ಲು, ಜಾಲಿ, ಅಲ್ಲಲ್ಲಿ ನೆಟ್ಟ ಗಿಡಗಳು ಹಸಿರಾಗಿದ್ದವು. ಆಕಾಶ ತೊಳೆದಿಟ್ಟಂತಿತ್ತು.

ಬ್ರೋಕರ್ ಕೈ ಅಗಲಿಸಿ ನಿಂತು, "ಗಾಳಿ ನೋಡಿ ಸಾರ್, ಊಟಿ ಇದ್ದಂಗೈತೆ. ಕಂಬ ದೂರ ಐತೆ, ಅದ್ಕೇ ರೇಟ್ ಕಮ್ಮಿ," ಎಂದ.

"ದಿಬ್ಬದ ಧೂಳು?" ಎಂದೆ ನಾನು. ಕೇಳಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

"ಗಿಡ ನೆಟ್ಟವ್ರೆ ಸಾರ್, ಇನ್ನೆಲ್ಲಿ ಧೂಳು? ನೀವೇ ಬೇಕಾದಷ್ಟು ಸಲ ಬಂದು ನೋಡ್ಕೊಂಡು ಓಗಿ."

ಬೇಕಾದಷ್ಟು ಸಲ ಹೋಗಿ ನೋಡಿದೆ. ಕಾರ್ತಿಕದಿಂದ ಫಾಲ್ಗುಣದವರೆಗೆ ಒಂದು ಭಾನುವಾರವನ್ನೂ ಬಿಡಲಿಲ್ಲ. ಸೈಟಿನ ನಡುವೆ ಒಂದು ಸರ್ವೆಮರದ ಗಳ ನೆಟ್ಟು, ತುದಿಗೆ ಹೆಂಡತಿಯ ಹಳೇ ಸೀರೆಯ ಚೂರು ಕಟ್ಟಿ, ಗಾಳಿ ಯಾವ ಕಡೆಯಿಂದ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಬಿಳಿ ಕಾಗದ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟು, ಸಂಜೆ ಎತ್ತಿ ನೋಡುತ್ತಿದ್ದೆ. ಕಾಗದ ಬಿಳಿಯಾಗೇ ಇರುತ್ತಿತ್ತು. ಇರದೇ ಏನು, ಆ ತಿಂಗಳುಗಳಲ್ಲಿ ಗಾಳಿ ಮೂಡಣದಿಂದ ಬರುತ್ತದೆ. ದಿಬ್ಬ ಇರುವುದು ಪಡುವಣಕ್ಕೆ. ಮಳೆಗಾಲದ ಗಾಳಿ ಪಡುವಣದಿಂದ ಜೋರಾಗಿ ಬೀಸುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮಗಳಿಗೆ ಒಳ್ಳೆಯ ಗಾಳಿ ಸಿಗುತ್ತದೆ ಎಂದು ಆ ಕಡೆಗೇ ದೊಡ್ಡ ಕಿಟಕಿಗಳನ್ನು ಬರೆದೆ. ಗಾಳಿಯ ದಿಕ್ಕು ನನಗೆ ಪುಸ್ತಕದಿಂದ ಗೊತ್ತಿತ್ತು. ಗಾಳಿ ತನ್ನ ಜೊತೆಗೆ ಏನು ತರುತ್ತದೆ ಎಂದು ತಿಳಿಯಲು ಅಲ್ಲಿ ಆಷಾಢದಲ್ಲಿ ನಿಲ್ಲಬೇಕಿತ್ತು.

ನಿಲ್ಲಿ ಎಂದು ಹೇಳಿದವರು ಒಬ್ಬರಿದ್ದರು. ನನ್ನ ಹೆಂಡತಿ ಉರಿಗಾಂ ಕಡೆಯವಳು, ಗಣಿ ಕೆಲಸದವರ ಮಗಳು. ಮಾವ ತೀರಿಹೋಗಿ ಬಹಳ ಕಾಲವಾಗಿದೆ. ಅತ್ತೆ ಇನ್ನೂ ಗಣಿಯವರ ಲೈನ್ ಮನೆಯಲ್ಲೇ ಇದ್ದಾರೆ. ಒಂದರ ಬೆನ್ನಿಗೆ ಒಂದು ಅಂಟಿಕೊಂಡ ಸಾಲುಮನೆ. ತಗಡಿನ ಚಾವಣಿ, ತಲೆ ಬಗ್ಗಿಸಿ ಹೋಗುವ ಬಾಗಿಲು, ಅಂಗೈಯಗಲದ ಕಿಟಕಿ. ಹೋದಾಗಲೆಲ್ಲ ನಾನು ಆ ಕಿಟಕಿ ನೋಡಿ, "ಇದನ್ನ ಬರೆದೋನಿಗೆ ಬಹುಮಾನ ಕೊಡ್ಬೇಕು," ಎಂದು ತಮಾಷೆ ಮಾಡುತ್ತಿದ್ದೆ. ಸೈಟಿನ ಪ್ಲಾನ್ ತೋರಿಸಲು ಹೋದ ದಿನ ಅತ್ತೆ ಕನ್ನಡಕ ಹಾಕಿಕೊಂಡು ಕಾಗದವನ್ನು ಬಹಳ ಹೊತ್ತು ನೋಡಿದರು. ಅವರು ಹುಟ್ಟಿ ಬೆಳೆದದ್ದು ದಿಬ್ಬದ ಮೂಡಣಕ್ಕೆ, ಸೈಟಿನ ಬದಿಯ ಲೈನಿನಲ್ಲಿ. ಮದುವೆಯಾದ ಮೇಲೆ ಪಡುವಣ ಬದಿಗೆ ಬಂದವರು.

"ಮಾಪ್ಳೆ, ಆಡಿ ಮಾಸತ್ತುಲ ಪೋಯಿ ಪಾತ್ತೀಂಗಳಾ?" ಎಂದರು. ಅಳಿಯಂದಿರೇ, ಆಡಿ ತಿಂಗಳಲ್ಲಿ ಹೋಗಿ ನೋಡಿದಿರಾ ಎಂದು. ತಮಿಳರ ಆಡಿ ಎಂದರೆ ಹೆಚ್ಚುಕಡಿಮೆ ನಮ್ಮ ಆಷಾಢ.

ನಾನು ನಕ್ಕುಬಿಟ್ಟೆ. "ಆಷಾಡದಾಗ ಯಾರಾನ ಸೈಟ್ ನೋಡ್ತಾರಾ ಅತ್ತೆ?" ಎಂದೆ. ಹೆಂಡತಿಯೂ ನಕ್ಕಳು. ಅತ್ತೆ ಕಾಗದ ಮಡಚಿ ನನ್ನ ಕೈಗೆ ಕೊಟ್ಟು ಕಾಫಿ ಮಾಡಲು ಎದ್ದರು. ಮುಂದೆ ಒಂದು ಮಾತೂ ಆಡಲಿಲ್ಲ. ಅಳಿಯ ಇಂಜಿನಿಯರಿಂಗ್ ಡಿಪ್ಲೊಮಾ ಓದಿದವನು, ಅವರು ಏನು ಹೇಳಿಯಾರು?

ಆ ಮನೆಯನ್ನು ನಾನು ಎಷ್ಟು ಪ್ರೀತಿಯಿಂದ ಬರೆದೆ ಎಂದರೆ, ಈಗ ಆ ಹಾಳೆ ಬಿಚ್ಚಿದರೆ ಪೂರ್ತಿ ನೋಡದೆ ಸುತ್ತಿಟ್ಟುಬಿಡುತ್ತೇನೆ. ಎರಡು ಕೋಣೆ, ಒಂದು ನಡುಮನೆ, ಅಡುಗೆಮನೆ. ಪಾಯಕ್ಕೆ ನಮ್ಮ ಸೀಮೆಯ ಸೈಜುಗಲ್ಲು. ಗೋಡೆಗೆ ಅಲ್ಲೇ ತೋಡಿದ ಮಣ್ಣಿಗೆ ಚೂರು ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ. ಸುಡಬೇಕಾಗಿಲ್ಲ, ಮೇಲೆ ಗಿಲಾವು ಬೇಡ. ಸ್ಲ್ಯಾಬಿನ ಕಾಂಕ್ರೀಟಿನ ನಡುನಡುವೆ ಮಣ್ಣಿನ ಮಡಕೆಗಳನ್ನು, ಬಾಯಿ ಕೆಳಗೆ ಕೋಣೆಯ ಕಡೆ ತೆರೆದಿರುವಂತೆ, ಬೋರಲು ಹಾಕಿಸಿದೆ. ಕಬ್ಬಿಣ, ಸಿಮೆಂಟು ಉಳಿಯಿತು, ಬಿಸಿಲೂ ಕೆಳಗಿಳಿಯುವುದಿಲ್ಲ. ಮಡಕೆ ನೋಡಿ ಮೇಸ್ತ್ರಿ, "ಏನ್ ಸಾರ್, ಮನೆ ಕಟ್ತಿದ್ದೀರೋ ಅಡ್ಗೆ ಮಾಡ್ತಿದ್ದೀರೋ?" ಎಂದು ಹಂಗಿಸಿದ. ತಾರಸಿಗೂ ನಡುಮನೆಯ ಒಳಗೋಡೆಗೂ ಸುಣ್ಣ ಬಳಿಸಿದೆ. ಪಡುವಣಕ್ಕೆ ಆಳೆತ್ತರದ ಮೂರು ಕಿಟಕಿ, ಬಿಸಿಲು ಬೀಳದಂತೆ ಕಲ್ಲಚಪ್ಪಡಿಯ ಸೂರು. ಮೂಡಣದ ಗೋಡೆಯಲ್ಲಿ ಮೇಲೆ ಗವಾಕ್ಷಿಗಳು. ತಂಪುಗಾಳಿ ಕಿಟಕಿಯಿಂದ ಒಳಗೆ ಬಂದು, ಬಿಸಿಗಾಳಿಯನ್ನು ಗವಾಕ್ಷಿಯಿಂದ ಹೊರಗೆ ತಳ್ಳಬೇಕು. ದೊಡ್ಡ ಕಿಟಕಿಯ ಪಕ್ಕದಲ್ಲೇ ಮಗಳ ಮಂಚದ ಜಾಗ. ಆ ಮಂಚವನ್ನು ನಾನು ಎಲ್ಲಕ್ಕಿಂತ ಮೊದಲು ಬರೆದೆ, ಮನೆಯನ್ನು ಅದರ ಸುತ್ತ ಬರೆದೆ.

ತಾರಸಿಯ ಮೇಲೆ ದಕ್ಷಿಣಕ್ಕೆ ಇಳಿಜಾರಾಗಿ ನಾಲ್ಕು ಪ್ಯಾನೆಲ್, ಕೆಳಗೆ ಎರಡು ಬ್ಯಾಟರಿ. ಮನೆಗೆ ಎಷ್ಟು ಕರೆಂಟು ಬೇಕು ಎನ್ನುವುದನ್ನು ಒಂದೊಂದೇ ಬಲ್ಬಿಗೆ ಲೆಕ್ಕ ಹಾಕಿದ್ದೆ: ಕಮ್ಮಿ ಕರೆಂಟಿನ ಮೂರು ಫ್ಯಾನು, ದೀಪ, ಮಿಕ್ಸಿ, ಪುಟ್ಟ ಫ್ರಿಜ್ಜು, ಮತ್ತು ಎಲ್ಲದಕ್ಕಿಂತ ಮೇಲೆ ಆವಿ ಮಷೀನು. ಎರಡು ದಿನ ಮೋಡ ಕವಿದರೂ ಮಷೀನು ಓಡುವಷ್ಟು ಉಳಿಯಬೇಕು. ಕಂಬದ ಕರೆಂಟಿಗೆ ಅರ್ಜಿ ಹಾಕಲಿಲ್ಲ. ಅಲ್ಲಿಯವರೆಗೆ ಕಂಬ ಎಳೆಸುವ ಖರ್ಚಿನಲ್ಲಿ ಪ್ಯಾನೆಲ್ಲೇ ಬಂದವು. ಸೊಕ್ಕೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಸೂರ್ಯ ಇರುವಾಗ ಇವರ ಕಾಲು ಯಾಕೆ ಹಿಡಿಯಬೇಕು ಎಂದು ಆಫೀಸಿನಲ್ಲಿ ಕಂಡಕಂಡವರ ಮುಂದೆ ಭಾಷಣ ಬಿಗಿಯುತ್ತಿದ್ದೆ.

ಆಷಾಢಕ್ಕೆ ಮುಂಚೆ ಹಾಲು ಉಕ್ಕಿಸಿಬಿಡಬೇಕೆಂದು ದುಪ್ಪಟ್ಟು ಆಳು ಹಾಕಿ ಅವಸರ ಮಾಡಿ, ಜ್ಯೇಷ್ಠದ ಮೊದಲ ವಾರ ಗೃಹಪ್ರವೇಶ ಮಾಡಿದೆವು.

ಮೂರು ವಾರ. ಆ ಮೂರು ವಾರ ನಾವು ಸುಖವಾಗಿದ್ದೆವು. ಇದನ್ನು ಬರೆಯುವಾಗ ಯಾರೋ ಬೇರೆಯವರ ವಿಷಯ ಬರೆದಂತಾಗುತ್ತದೆ. ಮಧ್ಯಾಹ್ನ ಹೊರಗೆ ನೆಲ ಸುಡುತ್ತಿದ್ದರೆ ನಡುಮನೆಯಲ್ಲಿ ಫ್ಯಾನು ಇಲ್ಲದೆ ಮಲಗಬಹುದಿತ್ತು. ಮಗಳು ಒಂದು ದಿನವೂ ಮಷೀನು ಕೇಳಲಿಲ್ಲ. ಬ್ಯಾಟರಿ ಎಷ್ಟು ತುಂಬಿದೆ ಎಂದು ನೂರಕ್ಕೆ ಇಷ್ಟು ಎಂದು ತೋರಿಸುವ ಪುಟ್ಟ ಪರದೆ ಇನ್ವರ್ಟರಿನ ಮೇಲಿತ್ತು. ಸ್ಕೂಲಿನಿಂದ ಬಂದವಳೇ ಚೀಲ ಎಸೆದು ಅದರ ಮುಂದೆ ನಿಲ್ಲುತ್ತಿದ್ದಳು. "ಅಪ್ಪಾ, ಸೂರ್ಯಂಗೆ ಇವತ್ತು ತೊಂಬತ್ತೆಂಟು ಮಾರ್ಕ್ಸು!" ಎಂದು ಕೂಗಿ, ನಡುಮನೆಯ ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ತಾರೀಕು ಹಾಕಿ ಬರೆಯುತ್ತಿದ್ದಳು. ಹೊಸ ಗೋಡೆ ಎಂದು ಹೆಂಡತಿ ಗದರಿದಳು. ನಾನೇ ಬಿಡು ಎಂದೆ. ತೊಂಬತ್ತೆಂಟು, ನೂರು, ನೂರು, ತೊಂಬತ್ತೈದು, ನೂರು. ಒಂದು ದಿನ ಮೋಡವಿದ್ದು ಎಂಬತ್ತು ಬಂದಾಗ ಪಕ್ಕದಲ್ಲಿ "ಚೆನ್ನಾಗಿ ಓದಬೇಕು" ಎಂದು ಟೀಚರಿನಂತೆ ಬರೆದಿದ್ದಳು.

ಆ ವರ್ಷ ಮಳೆ ತಡವಾಯಿತು. ಆಷಾಢದ ಗಾಳಿ ಮಾತ್ರ ಹೇಳಿದ ಹೊತ್ತಿಗೆ ಬಂತು. ಮೊದಲ ದಿನ ಕಿಟಕಿಯ ಪರದೆಗಳು ಎದ್ದು ಕುಣಿದಾಗ ನಾನು ಹೆಂಡತಿಯನ್ನು ಕರೆದು, "ನೋಡು, ನೋಡು, ನಾನು ಹೇಳ್ಲಿಲ್ವಾ?" ಎಂದೆ. ಗಾಳಿ ನಾನು ಬರೆದ ಹಾಗೆಯೇ ಪಡುವಣದ ಕಿಟಕಿಯಿಂದ ಒಳಬಂದು ಮೂಡಣದ ಗವಾಕ್ಷಿಯಿಂದ ಆಚೆ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ದಿಬ್ಬದ ನೆತ್ತಿಯಿಂದ ಬೂದುಬಿಳಿ ಹೊಗೆಯಂಥದ್ದು ಎದ್ದಿತು. ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿ ಉದುರಿಹೋಗಿತ್ತು. ನೆಟ್ಟ ಗಿಡಗಳಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ಹೊಗೆ ನಿಧಾನವಾಗಿ ನಮ್ಮ ಕಡೆಗೆ ಬಗ್ಗಿತು.

ಅಕ್ಕಿಹಿಟ್ಟಿನಷ್ಟು ನಯವಾದ ಧೂಳು. ನೆಲದ ಮೇಲೆ ಹೆಜ್ಜೆ ಮೂಡುತ್ತಿತ್ತು. ತಟ್ಟೆ ತೊಳೆದಿಟ್ಟು ಅನ್ನ ಬಡಿಸುವಷ್ಟರಲ್ಲಿ ತಟ್ಟೆಯ ಮೇಲೆ ಬೆರಳು ಎಳೆದರೆ ಗೆರೆ. ಎರಡನೇ ಬೆಳಿಗ್ಗೆ ಮಗಳು ಎದ್ದು ಹೋದ ಮೇಲೆ ಹೆಂಡತಿ ನನ್ನನ್ನು ಕರೆದು ಹಾಸಿಗೆ ತೋರಿಸಿದಳು. ಮಗಳದು ನೀಲಿ ದಿಂಬು. ದಿಂಬೆಲ್ಲ ಬೂದಿಯಾಗಿತ್ತು. ತಲೆ ಇಟ್ಟಿದ್ದ ಜಾಗ ಮಾತ್ರ ದುಂಡಗೆ ನೀಲಿಯಾಗಿ ಉಳಿದಿತ್ತು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಹೊರಗೆ ಬಚ್ಚಲ ಹತ್ತಿರ ಮಗಳು ಕೆಮ್ಮುವುದು ಕೇಳಿಸುತ್ತಿತ್ತು.

ಕಿಟಕಿ ಮುಚ್ಚಿದೆವು. ಆಳೆತ್ತರದ ಕಿಟಕಿಯ ಸಂದು ಎಷ್ಟೆಂದು ಮುಚ್ಚುತ್ತೀರಿ? ಪ್ಲಾಸ್ಟಿಕ್ ಹಾಳೆ ಹೊಡೆದೆ, ಗಾಳಿ ಅದನ್ನು ತಮಟೆಯಂತೆ ಬಡಿದು ಹರಿದುಹಾಕಿತು. ಅತ್ತೆ ಫೋನಿನಲ್ಲಿ ಹೇಳಿಕೊಟ್ಟಂತೆ ಹೆಂಡತಿ ಹಳೇ ಸೀರೆಗಳನ್ನು ನೀರಲ್ಲಿ ನೆನೆಸಿ ಕಿಟಕಿಗಳಿಗೆ ತೂಗಿಬಿಟ್ಟಳು. ಅವರು ಹುಟ್ಟಿದ ಮೂಡಣ ಬದಿಯ ಲೈನುಗಳಲ್ಲಿ ಹೆಂಗಸರು ಹಾಗೇ ಮಾಡುತ್ತಿದ್ದರಂತೆ. ಗಂಟೆಗೊಮ್ಮೆ ನೆನೆಸಬೇಕು. ಗವಾಕ್ಷಿಗಳಿಗೆ ಗೋಣಿಚೀಲ ತುರುಕಿದೆ. ಮನೆ ಕತ್ತಲಾಯಿತು. ಹಗಲು ದೀಪ ಬೇಡದ ಮನೆಯಲ್ಲಿ ಹಗಲೆಲ್ಲ ದೀಪ, ಗಾಳಿಯಾಡದೆ ಹಗಲೆಲ್ಲ ಫ್ಯಾನು, ಫ್ಯಾನು ಹಾಕಿದರೆ ಒಳಗಿದ್ದ ಧೂಳೇ ಮೇಲೇಳುವುದು. ಮಗಳಿಗೆ ದಿನಕ್ಕೆ ಮೂರು ಸಲ, ನಾಲ್ಕು ಸಲ ಮಷೀನು.

ಪ್ಯಾನೆಲ್ಲಿನ ಮೇಲೂ ಅದೇ ಧೂಳು. ಬೆಳಿಗ್ಗೆ ಏಣಿ ಹಾಕಿ ಬಿಂದಿಗೆಯಲ್ಲಿ ನೀರು ಹೊತ್ತು ತೊಳೆಯುತ್ತಿದ್ದೆ. ಮಧ್ಯಾಹ್ನಕ್ಕೆ ಮತ್ತೆ ಬೂದಿ. ನಾಲ್ಕು ಹನಿ ಮಳೆ ಬಿದ್ದರೆ ಅದು ಕಲಸಿ, ಒಣಗಿ, ಗಾಜಿಗೆ ಗಾರೆಯಂತೆ ಕಚ್ಚಿಕೊಳ್ಳುತ್ತಿತ್ತು. ಕುಡಿಯುವ ನೀರನ್ನೇ ಟ್ಯಾಂಕರಿನವನ ಕೈಕಾಲು ಹಿಡಿದು ತರಿಸುವ ಜಾಗದಲ್ಲಿ ಗಾಜು ತೊಳೆಯಲು ನೀರೆಲ್ಲಿಂದ ತರಲಿ? ಗೋಡೆಯ ಮೇಲೆ ಮಗಳು ಬರೆಯುವುದು ಬಿಟ್ಟಿರಲಿಲ್ಲ. ಎಪ್ಪತ್ತು. ಐವತ್ತೈದು. ನಲವತ್ತು. ಪಕ್ಕದಲ್ಲಿ ಷರಾ ಬರೆಯುವುದನ್ನು ಮಾತ್ರ ನಿಲ್ಲಿಸಿದ್ದಳು. ಮೂವತ್ತಾರು ಬರೆದ ದಿನ, "ಅಪ್ಪಾ, ಇನ್ನ ಕಮ್ಮಿ ಆದ್ರೆ ಸೂರ್ಯ ಫೇಲ್ ಆಗ್ತಾನಲ್ವಾ?" ಎಂದು ಕೇಳಿದಳು. ಇಷ್ಟು ಹೇಳಲು ಅವಳು ಎರಡು ಕಡೆ ನಿಂತು ಉಸಿರು ಎಳೆದುಕೊಂಡಳು.

ಮಾರನೆಯ ದಿನ ಮೋಡ. ಮಧ್ಯಾಹ್ನ ಅವಳ ಎದೆಗೂಡು ಒಳಗೆ ಎಳೆದುಕೊಳ್ಳತೊಡಗಿತು. ಹೆಂಡತಿ ತೊಡೆಯ ಮೇಲೆ ಕೂರಿಸಿಕೊಂಡು ಮಷೀನು ಹಾಕಿದಳು. ಔಷಧಿ ಅರ್ಧ ಮುಗಿದಿತ್ತು. ಇನ್ವರ್ಟರು ಕುಂಯ್ ಕುಂಯ್ ಎಂದು ಕೂಗಿ ಸುಮ್ಮನಾಯಿತು. ಮಷೀನು ನಿಂತಿತು. ಮಗಳು ಮುಚ್ಚಳದ ಮೇಲಿನಿಂದ ನನ್ನ ಮುಖ ನೋಡಿದಳು. ರಾಬರ್ಟ್‌ಸನ್‌ಪೇಟೆಯಲ್ಲಿ ನೋಡುತ್ತಿದ್ದ ಹಾಗೆಯೇ. ಅಲ್ಲಿ ಬೈಯಲು ಯಾರಾದರೂ ಇದ್ದರು. ಇಲ್ಲಿ ಎಲ್ಲವನ್ನೂ ಬರೆದವನು ನಾನೇ.

ಸ್ಕೂಟರಿನಲ್ಲಿ ಮುಂದೆ ನಾನು, ಹಿಂದೆ ಹೆಂಡತಿ, ನಡುವೆ ಒದ್ದೆ ಟವಲು ಸುತ್ತಿದ ಮಗು. ದಾರಿಯಲ್ಲಿ ಧೂಳು ಮುಖಕ್ಕೆ ಎರಚುತ್ತಿತ್ತು. ನನ್ನ ಬೆನ್ನಿಗೆ ಅವಳ ಎದೆ ಅಂಟಿಕೊಂಡಿತ್ತು. ಒಂದೊಂದು ಉಸಿರೂ ಬೆನ್ನಿಗೆ ಗೊತ್ತಾಗುತ್ತಿತ್ತು. ಒಂದು ಬಂದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುತ್ತಾ ಗಾಡಿ ಓಡಿಸಿದೆ. ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ, ಸೂಜಿ ಚುಚ್ಚಿ, ನಾಲ್ಕು ದಿನ ಇಟ್ಟುಕೊಂಡರು. ಬದುಕಿದಳು. ಬಿಡುಗಡೆಯ ದಿನ ಡಾಕ್ಟರು ಮನೆ ಎಲ್ಲಿ ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಮಗೂನ ಅಲ್ಲಿಗೆ ಕರ್ಕೊಂಡು ಹೋಗ್ಬೇಡಿ," ಎಂದರು. ಅಷ್ಟೇ. ಇಪ್ಪತ್ತು ವರ್ಷದ ಅನುಭವ, ಐದು ತಿಂಗಳ ಭಾನುವಾರಗಳು, ನನ್ನ ನೋಟ್ ಪುಸ್ತಕ, ಎಲ್ಲಕ್ಕೂ ಸೇರಿ ಒಂದೇ ಸಾಲು.

ಆಸ್ಪತ್ರೆಯಿಂದ ನೇರ ಉರಿಗಾಂಗೆ ಕರೆದುಕೊಂಡು ಹೋದೆವು. ಲೈನ್ ಮನೆ ದಿಬ್ಬದ ಪಶ್ಚಿಮಕ್ಕಿದೆ. ಆಷಾಢದ ಗಾಳಿ ಅಲ್ಲಿಂದ ಧೂಳನ್ನು ಆಚೆಗೆ, ನಮ್ಮ ಮನೆಯ ಕಡೆಗೆ ಒಯ್ಯುತ್ತದೆ. ತಗಡಿನ ಚಾವಣಿಯ ಕೆಳಗೆ, ನಾನು ನಗಾಡಿದ ಕಿಟಕಿಯ ಪಕ್ಕದಲ್ಲಿ, ಚಾಪೆಯ ಮೇಲೆ ಅಜ್ಜಿಯ ಸೆರಗು ಹಿಡಿದುಕೊಂಡು ಮಗಳು ನಿದ್ದೆ ಮಾಡಿದಳು. ಎದೆಯಲ್ಲಿ ಸಿಳ್ಳೆಯಿಲ್ಲ. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಲೋಟದಲ್ಲಿ ಕಾಫಿ ತಂದಿಟ್ಟು, "ಕುಡೀಂಗ ಮಾಪ್ಳೆ," ಎಂದರು. ಅಂದಿದ್ದರೆ ಚೆನ್ನಾಗಿತ್ತು. ನಾನು ಬಾಗಿಲ ಹೊರಗೆ ಬಂದು ಗೋಡೆಗೆ ಮುಖ ಹಾಕಿ ಅತ್ತುಬಿಟ್ಟೆ. ದೊಡ್ಡ ಗಂಡಸು, ಲೈನಿನ ಜನವೆಲ್ಲ ನೋಡುತ್ತಿದ್ದರು.

ಗಾಳಿ ನಿಂತ ಮೇಲೆ, ಕಾರ್ತಿಕದಲ್ಲಿ, ಮನೆಯನ್ನು ಮೂರು ಸಲ ತೊಳೆದು ಮಗಳನ್ನು ಒಮ್ಮೆ ಕರೆತಂದೆವು. ಸ್ಲ್ಯಾಬಿನ ಮಡಕೆಗಳ ಒಳಗೆ, ಇಟ್ಟಿಗೆಯ ಸಂದಿನಲ್ಲಿ, ಗವಾಕ್ಷಿಯ ಮೂಲೆಯಲ್ಲಿ ಕೂತ ಧೂಳನ್ನು ಯಾರು ತೆಗೆಯುತ್ತಾರೆ? ಗಿಲಾವು ಬೇಡ ಎಂದ ಜಾಣ ನಾನೇ ಅಲ್ಲವೇ. ಎರಡನೇ ದಿನಕ್ಕೇ ಕೆಮ್ಮು ಶುರುವಾಯಿತು. ಅವಳೇ ತನ್ನ ಚೀಲಕ್ಕೆ ಬಟ್ಟೆ ತುಂಬಿಕೊಂಡು ಬಾಗಿಲಲ್ಲಿ ಕೂತಳು. ಅಂದಿನಿಂದ ಹೆಂಡತಿ ಮತ್ತು ಮಗಳು ಉರಿಗಾಂನಲ್ಲಿ, ನಾನು ಇಲ್ಲಿ. ಪ್ಯಾನೆಲ್ ತೊಳೆಯದೆ ಬಿಟ್ಟರೆ ಗಾಜು ಹಾಳು, ಮನೆ ಖಾಲಿ ಬಿಟ್ಟರೆ ಬ್ಯಾಟರಿ ಕಳ್ಳರ ಪಾಲು. ಲೈನ್ ಮನೆಯಲ್ಲಿ ನಾಲ್ಕನೆಯವನು ಕಾಲು ಚಾಚಲು ಜಾಗವೂ ಇಲ್ಲ.

ಉಳಿದಿದ್ದು ಒಂದೇ ದಾರಿ. ಈ ಮನೆ ಮಾರಿ, ಬಂದಷ್ಟರಲ್ಲಿ ಬಂಗಾರಪೇಟೆಯ ಕಡೆ ಒಂದು ಗೂಡು ಹುಡುಕಿ ಮೂವರೂ ಒಟ್ಟಿಗೆ ಇರುವುದು. ಅದೇ ಬ್ರೋಕರನಿಗೆ ಹೇಳಿದೆ. ಮಾಘದಲ್ಲಿ ಅವನು ಗಂಡಹೆಂಡಿರನ್ನು ಕಳಿಸಿದ. ಬಂಗಾರಪೇಟೆ ಕಡೆಯ ಹಳ್ಳಿಯವರು. ಅವನಿಗೆ ಹಾಲಿನ ಡೇರಿಯಲ್ಲಿ ಕೆಲಸ, ಅವಳ ಕಂಕುಳಲ್ಲಿ ಆರು ತಿಂಗಳ ಕೂಸು.

ಅವರು ಬರುವ ದಿನ ಬೆಳಿಗ್ಗೆ ನಾನು ಮಾಡಿದ್ದನ್ನು ಬರೆಯದೆ ಬಿಡಬಹುದಿತ್ತು. ಪೇಂಟ್ ಬ್ರಷ್ ಹಿಡಿದು ಕಿಟಕಿಯ ಚೌಕಟ್ಟಿನ ಸಂದುಗಳಲ್ಲಿದ್ದ ಧೂಳನ್ನೆಲ್ಲ ಗುಡಿಸಿ ಚೆಲ್ಲಿದೆ. ಆಮೇಲೆ ನಡುಮನೆಯ ಗೋಡೆ ಕಣ್ಣಿಗೆ ಬಿತ್ತು. ತೊಂಬತ್ತೆಂಟು, ನೂರು, ನೂರು ಎಂದು ಶುರುವಾಗಿ ಮೂವತ್ತಾರಕ್ಕೆ ನಿಂತ ಮಗಳ ಪಟ್ಟಿ, ತಾರೀಕಿನ ಸಮೇತ. ಓದಲು ಬರುವ ಯಾರಿಗಾದರೂ ಅದು ಎಲ್ಲ ಹೇಳಿಬಿಡುತ್ತಿತ್ತು. ಬಕೆಟ್ಟಿನಲ್ಲಿ ಸುಣ್ಣ ಕಲಸಿ ಎರಡು ಕೈ ಬಳಿದೆ. ಹಸಿ ಇರುವಾಗ ಅಕ್ಷರ ಕಾಣುತ್ತಿತ್ತು. ಒಣಗುತ್ತಾ ಒಣಗುತ್ತಾ ಒಂದೊಂದೇ ಅಳಿಸಿಹೋಯಿತು.

ಹೆಂಡತಿ ಉರಿಗಾಂನಿಂದ ಆಟೋದಲ್ಲಿ ಬಂದಳು. ಒಳಗೆ ಕಾಲಿಟ್ಟವಳು ಗೋಡೆಯನ್ನು ನೋಡಿದಳು, ನನ್ನ ಕೈಯಲ್ಲಿದ್ದ ಸುಣ್ಣವನ್ನು ನೋಡಿದಳು. ಸೀದಾ ಅಡುಗೆಮನೆಗೆ ಹೋದಳು.

ಬಂದವರು ಮನೆ ನೋಡಿ ಮರುಳಾದರು. ಮಾಘದ ಬಿಸಿಲು, ಮೂಡಣದ ಗಾಳಿ, ದಿಬ್ಬದ ಮೇಲೆ ಇನ್ನೂ ಉಳಿದಿದ್ದ ಹಸಿರು. ಅವನು ಕೈಯಿಂದ ಗೋಡೆ ಮುಟ್ಟಿ ಮುಟ್ಟಿ ನೋಡಿದ. "ಅಣ್ಣಾ, ಏನ್ ತಂಪಣ್ಣಾ! ಕರೆಂಟ್ ಬಿಲ್ಲೇ ಇಲ್ವಾ? ನೀವ್ಯಾಕೆ ಮಾರ್ತೀರಿ ಇಂತಾ ಮನೇನ?" ಎಂದ. ನಾನು ಬಂಗಾರಪೇಟೆಗೆ ಓಡಾಟ ಕಷ್ಟ ಎಂದೆ. ಅವಳು ದೊಡ್ಡ ಕಿಟಕಿಯ ಪಕ್ಕ, ಮಗಳ ಮಂಚವಿದ್ದ ಜಾಗದಲ್ಲಿ ನಿಂತು, "ಇಲ್ಲಿ ಮಗೀಗೆ ತೊಟ್ಲು ಕಟ್ಬೋದು ನೋಡ್ರೀ," ಎಂದಳು.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಬಾಯಿ ತೆಗೆದಳು. "ಆಷಾಡದಲ್ಲಿ ಒಂದ್ಸಲ ಬಂದು ನೋಡಿ," ಎಂದಳು.

ಅವನು ಗಟ್ಟಿಯಾಗಿ ನಕ್ಕ. "ಆಷಾಡದಾಗ ಯಾರಾನ ಮನೆ ನೋಡಕ್ಕೆ ಬತ್ತಾರೇನಕ್ಕಾ?"

ಅವನ ಹೆಂಡತಿಯೂ ನಕ್ಕಳು. ಕೂಸು ಕೂಡ ಅಪ್ಪನ ಸದ್ದಿಗೆ ನಕ್ಕಿತು. ಅತ್ತೆಯ ಮನೆಯಲ್ಲಿ ಪ್ಲಾನ್ ಹಿಡಿದುಕೊಂಡು ನಾನು ನಕ್ಕ ನಗು, ಹೆಚ್ಚುಕಡಿಮೆ ಅದೇ ಮಾತು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಅಂದು ಅತ್ತೆ ಕಾಫಿ ಮಾಡಲು ಎದ್ದುಹೋಗದೆ ಇನ್ನೊಂದು ಮಾತು ಆಡಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಆ ಇನ್ನೊಂದು ಮಾತನ್ನು ನಾನು ಆಡಿದೆ. ದಿಬ್ಬ ತೋರಿಸಿದೆ, ದಿಂಬಿನ ವಿಷಯ ಹೇಳಿದೆ, ಸ್ಕೂಟರಿನ ವಿಷಯ ಹೇಳಿದೆ. ಹೇಳುತ್ತಿದ್ದಂತೆ ಆ ಹುಡುಗಿ ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಗಾಳಿಯಲ್ಲಿ ಏನೂ ಇಲ್ಲದ ದಿನ ಅದು. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಒಳ್ಳೇದಾಯ್ತು ಬುಡಣ್ಣಾ, ಯೋಳಿದ್ರಿ," ಎಂದ. ಅವರ ಬೈಕು ತಿರುವಿನಲ್ಲಿ ಮರೆಯಾಯಿತು. ಸುದ್ದಿ ಹರಡಿತು, ಬ್ರೋಕರ್ ಮತ್ತೆ ಯಾರನ್ನೂ ಕಳಿಸಲಿಲ್ಲ, ನನ್ನ ಫೋನೂ ಎತ್ತುವುದಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನ ನನಗೆ ಆಗಿಲ್ಲ. ಅವರ ಮಗು ಉಳಿಯಿತು, ನನ್ನ ಮಗಳು ಲೈನ್ ಮನೆಯಲ್ಲೇ ಉಳಿದಳು.

ಈಗ ಮತ್ತೆ ಆಷಾಢ ಹತ್ತಿರ ಬರುತ್ತಿದೆ. ಬ್ಯಾಟರಿ ಬೆಳಿಗ್ಗೆ ಹತ್ತಕ್ಕೆಲ್ಲ ತುಂಬಿಬಿಡುತ್ತದೆ. ಮೂರು ಜನಕ್ಕೆಂದು ಲೆಕ್ಕ ಹಾಕಿದ್ದು, ಒಬ್ಬನಿಗೆ ಎಷ್ಟು ಬೇಕು? ಸ್ಕೂಲಿನಿಂದ ಬಂದು ಮಗಳು ಅಜ್ಜಿಯ ಫೋನಿನಿಂದ ಕರೆ ಮಾಡುತ್ತಾಳೆ. ಉಸಿರು ಸಲೀಸಾಗಿರುತ್ತದೆ, ಒಂದೇ ಗುಕ್ಕಿನಲ್ಲಿ ಮಾತಾಡುತ್ತಾಳೆ.

"ಅಪ್ಪಾ, ಸೂರ್ಯಂಗೆ ಇವತ್ತು ಎಷ್ಟು ಮಾರ್ಕ್ಸು?"

"ನೂರು," ಎನ್ನುತ್ತೇನೆ. ಅದು ನಿಜ.

"ಗೋಡೆ ಮೇಲೆ ಬರದ್ಯಾ?"

ಬರೆದೆ ಎನ್ನುತ್ತೇನೆ.